ಲಾಟೀನು ಕೆಳಗಿಳಿಸಿ

ನಿನ್ನೆ ರಾತ್ರಿ ನಿಮ್ಮ ಅಳಿಯಂದಿರು ಹೊಸ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದಾಗ ನಾನು ಇಲ್ಲೇ, ಕಾಂಪೌಂಡಿನ ಈಚೆ, ದಾಸವಾಳದ ಗಿಡದ ಹತ್ತಿರ ನಿಂತಿದ್ದೆ ಮೇಷ್ಟ್ರೇ. ಎಲೆಯ ಒಂದೊಂದು ನರವನ್ನೂ ಎಣಿಸಬಹುದಿತ್ತು, ಅಷ್ಟು ಬೆಳಕು. ಮೊಗ್ಗಿಗೆ ಬಿಳಿ ಹುಳ ಹತ್ತಿದೆ ಅಂತ ಗೊತ್ತಾಗಿದ್ದೇ ಆಗ! ಕಾರು ಬಹಳ ಚೆನ್ನಾಗಿದೆ, ದೃಷ್ಟಿ ತಾಕದಿರಲಿ, ಗಾಳಿ ಆಂಜನೇಯನ ಗುಡಿ ಹತ್ತಿರವೇ ಇದೆ, ಒಂದು ಪೂಜೆ ಮಾಡಿಸಿಬಿಡಿ. ಅವರು ಇಳಿದವರೇ ನನ್ನ ನೋಡಿ, "ಆಂಟಿ, ಇದರಲ್ಲಿ ಡಿಮ್ಮು ಡಿಪ್ಪು ಎಲ್ಲ ಅದೇ ಮಾಡ್ಕೊಳ್ಳುತ್ತೆ, ನಾವು ಕೈ ಹಾಕೋದೇ ಬೇಡ" ಅಂದರು. ಖುಷಿಯಾಗಿ ಹೇಳಿದ್ರು ಪಾಪ. ಆ ಮಾತು ಆವಾಗಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಈ ಸೌಕರ್ಯ ಮೊದಲೆಲ್ಲ ಕೋಟಿ ಬೆಲೆಯ ಕಾರಿನಲ್ಲಿ ಮಾತ್ರ ಅಂತಿದ್ರು. 2021ರಲ್ಲಿ ಮಹೀಂದ್ರದ ಎಕ್ಸ್‌ಯುವಿ 700 ಬಂತು, ಮರುವರ್ಷ ಹೋಂಡಾ ಸಿಟಿ ಹೈಬ್ರಿಡ್ ಬಂತು, ಆಮೇಲೆ ಒಂದಾದ ಮೇಲೊಂದು. ಈಗ ನಮ್ಮ ಬೀದಿಗೂ ಬಂದಾಯ್ತು. ಮುಂದಿನ ಗಾಜಿನ ಹಿಂದೆ, ಒಳಗನ್ನಡಿ ಇರುತ್ತಲ್ಲ, ಅದರ ಬೆನ್ನಿಗೆ ಒಂದು ಪುಟ್ಟ ಕ್ಯಾಮೆರಾ. ಎದುರಿಗೆ ಬಿಳಿ ಬೆಳಕು ಕಂಡರೆ ಯಾರೋ ಬರ್ತಿದ್ದಾರೆ, ಕೆಂಪು ಕಂಡರೆ ಯಾರೋ ಮುಂದೆ ಹೋಗ್ತಿದ್ದಾರೆ. ಎರಡರಲ್ಲಿ ಯಾವುದು ಕಂಡರೂ ಬೆಳಕು ಕೆಳಗೆ. ಏನೂ ಕಾಣಲಿಲ್ಲವೋ, ಮೇಲೆ, ಅಂದ್ರೆ ಹೈ ಬೀಮು. ಇಷ್ಟೇ ಅದರ ಲೆಕ್ಕ. ಕೇಳೋಕೆ ಚೆನ್ನಾಗೇ ಇದೆ, ಅಲ್ವಾ? ಆದರೆ ಆ ಲೆಕ್ಕದಲ್ಲಿ ದೀಪ ಇಲ್ಲದವರು ಎಲ್ಲಿದ್ದಾರೆ ಹೇಳಿ.

ನಮ್ಮ ಮೂಲೆಯ ಕಡ್ಲೇಕಾಯಿ ಗಾಡಿಯವನು ಗೊತ್ತಲ್ಲ? ರಾತ್ರಿ ಹತ್ತಕ್ಕೆ ವ್ಯಾಪಾರ ಮುಗಿಸಿ, ಬ್ಯಾಟರಿ ಉಳೀಲಿ ಅಂತ ಬಲ್ಬು ಆರಿಸಿಕೊಂಡು ಗಾಡಿ ತಳ್ಳಿಕೊಂಡು ಹೋಗ್ತಿದ್ದ. ಹೋದ ತಿಂಗಳಿಂದ ನೋಡ್ತಿದ್ದೀನಿ, ಬಲ್ಬು ಆರಿಸೋದೇ ಇಲ್ಲ. ಗಾಡಿಯ ಮುಂದಕ್ಕೆ, ಮರಳಿನ ಬಾಣಲೆಯ ಕೆಳಗೆ ತಂತಿ ಸುತ್ತಿ ಕಟ್ಟಿದ್ದಾನೆ. ಯಾಕಪ್ಪಾ ಅಂದೆ. "ಅಮ್ಮಾ, ಲೈಟು ಆರಿಸ್ಕೊಂಡು ಹೋದ್ರೆ ಕಾರುಗಳು ಪೂರ್ತಿ ಬೆಳಕು ಮುಖಕ್ಕೇ ಬಿಡ್ತಾವೆ. ಇದನ್ನ ಹಚ್ಕೊಂಡ್ರೆ ಕೆಲವು ತಗ್ಗಿಸ್ತಾವೆ" ಅಂದ. ಎಲ್ಲ ಕಾರೂ ಅಲ್ಲವಂತೆ, ಕೆಲವು. ಯಾವ ಕಾರು ತಗ್ಗಿಸುತ್ತೆ, ಯಾವುದು ತಗ್ಗಿಸಲ್ಲ ಅನ್ನೋದು ಅವನಿಗೆ ದೂರದಿಂದಲೇ ಗೊತ್ತಾಗುತ್ತಂತೆ. ಕ್ಯಾಮೆರಾ ಅಂದ್ರೇನು, ಸೆನ್ಸರ್ ಅಂದ್ರೇನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮುಖಕ್ಕೆ ಬಿದ್ದ ಬೆಳಕಿನಿಂದ ತಾನೇ ಕಂಡುಕೊಂಡಿದ್ದಾನೆ. ಆ ಹತ್ತು ನಿಮಿಷದ ದಾರಿಗೆ ಅವನು ದಿನಾ ಬ್ಯಾಟರಿ ಸುಡಬೇಕು. ನನಗೆ ಹೊಟ್ಟೆ ಉರಿದುಹೋಯ್ತು ಮೇಷ್ಟ್ರೇ.

ಹೊಸ ಸ್ಕೂಟರುಗಳಿಗೆ ಆ ಕಷ್ಟ ಕಮ್ಮಿ. 2017ರ ಏಪ್ರಿಲ್‌ನಿಂದ ಈಚೆಗೆ ಬಂದ ದ್ವಿಚಕ್ರಗಳಲ್ಲಿ ಎಂಜಿನ್ ಶುರುವಾದರೆ ಹೆಡ್‌ಲೈಟೂ ಹತ್ತಿಕೊಳ್ಳುತ್ತೆ, ಆರಿಸೋ ಸ್ವಿಚ್ಚೇ ಇಲ್ಲ. ಮೊದಮೊದಲು ಹಗಲು ಹೊತ್ತಿನಲ್ಲಿ ಎದುರಿಗೆ ಬರೋರೆಲ್ಲ ಐದು ಬೆರಳು ಮಡಚಿ ಬಿಡಿಸಿ, "ಲೈಟು, ಲೈಟು" ಅಂತ ಸನ್ನೆ ಮಾಡ್ತಿದ್ರು, ನೆನಪಿದೆಯಾ? ಸೈಕಲ್ಲಿನವನಿಗೆ, ನಡೆದು ಹೋಗೋರಿಗೆ, ಹಿಂದಿನ ಕೆಂಪು ದೀಪ ಒಡೆದುಹೋದ ಟ್ರ್ಯಾಕ್ಟರಿಗೆ ಮಾತ್ರ ಈ ಕ್ಯಾಮೆರಾದ ಹತ್ತಿರ ನ್ಯಾಯ ಸಿಗೋದು ಕಷ್ಟ.

ನಮ್ಮಜ್ಜಿಯ ಲಾಟೀನು ಹಾಗಿರಲಿಲ್ಲ. ಅವಳ ಊರು ಮಾಗಡಿ ಕಡೆ. ನಾನು ಚಿಕ್ಕವಳಿದ್ದಾಗ ರಜಕ್ಕೆ ಹೋದರೆ ರಾತ್ರಿ ಊಟ ಮುಗಿಸಿ ಕಣದ ಕಡೆಗೆ ಅಜ್ಜಿಯ ಜೊತೆ ಒಂದು ಸುತ್ತು ಹೋಗಿಬರ್ತಿದ್ವಿ. ಅಜ್ಜಿ ಲಾಟೀನನ್ನ ಮಂಡಿಯ ಮಟ್ಟಕ್ಕೇ ಹಿಡೀತಿದ್ದಳು, ಅದಕ್ಕಿಂತ ಮೇಲೆ ಎತ್ತುತ್ತಿರಲಿಲ್ಲ. ನಾನು ಆಟಕ್ಕೆ ತಲೆಯ ಮಟ್ಟಕ್ಕೆ ಎತ್ತಿ ಹಿಡಿದರೆ, "ಏ, ಕೆಳಗಿಳಿಸೇ, ಹಾವಿರೋದು ನೆಲದ ಮೇಲೆ" ಅಂತ ಬೈತಿದ್ದಳು. ಎದುರಿಗೆ ಯಾರದೋ ಸಪ್ಪಳ ಬಂದರೆ ಮಾತ್ರ ಒಂದು ಸಲ ಎತ್ತಿ, "ಯಾರಪ್ಪಾ ಅದು?" ಅನ್ನೋಳು. ಆ ಕಡೆಯಿಂದ ಹೆಸರು ಕೇಳಿಸಿದ ತಕ್ಷಣ ಲಾಟೀನು ಕೆಳಗೆ. ಬಂದವರು ಹತ್ತಿರವಾದಾಗ ಅದನ್ನ ಸೀರೆಯ ಆ ಪಕ್ಕಕ್ಕೆ ಸರಿಸಿಕೊಳ್ಳೋಳು, ಅವರ ಕಣ್ಣಿಗೆ ಬೀಳದಿರಲಿ ಅಂತ. ಆ ಮನುಷ್ಯನ ಕೈಯಲ್ಲಿ ದೀಪ ಇದೆಯೋ ಇಲ್ಲವೋ ಅಂತ ಅಜ್ಜಿ ನೋಡ್ತಿರಲಿಲ್ಲ. ಮನುಷ್ಯ ಇದ್ದಾನೆ, ಅಷ್ಟು ಸಾಕಿತ್ತು.

ನಮ್ಮ ಮಾವನವರದು ಇನ್ನೊಂದು ರೀತಿ. ಅವರು ಅಂಬಾಸಿಡರ್ ಓಡಿಸ್ತಿದ್ರು. ಅದರಲ್ಲಿ ಡಿಪ್ಪರ್ ಸ್ವಿಚ್ಚು ಕೈಗೆ ಇರಲಿಲ್ಲ, ಕಾಲಿಗೆ! ಕ್ಲಚ್ಚಿನ ಪಕ್ಕ, ನೆಲದಲ್ಲಿ, ಒಂದು ಉರುಟು ಗುಂಡಿ. ಎಡಗಾಲಿನಲ್ಲಿ ಒತ್ತಿದರೆ 'ಟಕ್', ಬೆಳಕು ಕೆಳಗೆ. ಇನ್ನೊಂದು 'ಟಕ್', ಮೇಲೆ. ಮೈಸೂರಿಗೆ ರಾತ್ರಿ ಹೊರಟರೆ ನಾವು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡ್ತಿದ್ದಿದ್ದೇ ಆ ಸದ್ದಿನಲ್ಲಿ. ಎದುರಿಗೆ ಲಾರಿ ಬಂದರೆ ಇವರು ಟಕ್, ಅವನೂ ತಗ್ಗಿಸೋನು. ಅವನು ಮರೆತಿದ್ದರೆ ಇವರು ಟಕ್ ಟಕ್. ಆಗ ಅವನಿಗೆ ನೆನಪಾಗೋದು. ಲಾರಿಯ ಹಿಂದೆ ರಾತ್ರಿ ಡಿಪ್ಪರ್ ಬಳಸಿ ಅಂತ ಹೂವಿನ ಬಳ್ಳಿ ಬಿಡಿಸಿ ಬರೆಸಿರ್ತಿದ್ರಲ್ಲ, ಅದು ಬರೀ ಅಲಂಕಾರಕ್ಕಲ್ಲ. ಒಬ್ಬರಿಗೊಬ್ಬರು ಮುಖ ನೋಡದವರು ಕತ್ತಲಲ್ಲಿ ಮಾತಾಡ್ತಿದ್ದಿದ್ದೇ ಹಾಗೆ.

ಎಲ್ಲಿದ್ದೆ? ಹಾಂ, ಕ್ಯಾಮೆರಾ. ಈ ಏರ್ಪಾಡು ಹೊಸದೇನಲ್ಲವಂತೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನವರು 1952ರಲ್ಲೇ ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಇಂಥದ್ದೊಂದನ್ನ ಕೊಟ್ಟಿದ್ದರು. 'ಆಟ್ರಾನಿಕ್ ಐ' ಅಂತ ಹೆಸರು. ಡ್ಯಾಶ್‌ಬೋರ್ಡಿನ ಮೇಲೆ ಮಕ್ಕಳ ಆಟದ ಪಿಸ್ತೂಲಿನ ಹಾಗೆ ಒಂದು ಕಣ್ಣು ಕೂತಿರೋದು. ಎದುರಿನ ಬೆಳಕು ಅದರ ಮೇಲೆ ಬಿದ್ದರೆ ದೀಪ ತಗ್ಗೋದು. ಆದರೆ ಆ ಕಣ್ಣಿಗೆ ಬೀದಿ ದೀಪ ಯಾವುದು, ಗಾಡಿಯ ದೀಪ ಯಾವುದು ಅನ್ನೋ ಭೇದ ಗೊತ್ತಾಗ್ತಿರಲಿಲ್ಲ. ಈಗಿನದು ಅದಕ್ಕಿಂತ ಎಷ್ಟೋ ಜಾಣ, ಒಪ್ಪೋಣ. ಆದರೂ ಗಾಜು ಕೊಳೆಯಾಗಿದ್ದರೆ, ಮಳೆ ಬಿದ್ದು ರಸ್ತೆ ಕನ್ನಡಿಯಾದರೆ, ಹಸಿರು ಬೋರ್ಡಿಗೆ ತನ್ನದೇ ಬೆಳಕು ತಾಗಿ ಹೊಳೆದರೆ ಅದೂ ಗಲಿಬಿಲಿ ಆಗುತ್ತೆ.

ವಿಜಯನಗರದಿಂದ ಅತ್ತಿಗುಪ್ಪೆ ಕಡೆಗೆ ಕಾರ್ಡ್ ರೋಡಿನಲ್ಲಿ ರಾತ್ರಿ ಬಂದು ನೋಡಿ, ತಮಾಷೆ ಗೊತ್ತಾಗುತ್ತೆ. 2015ರ ನವೆಂಬರಿನಲ್ಲಿ ನಮ್ಮ ಕಡೆಗೆ ಮೆಟ್ರೊ ಬಂತಲ್ಲ, ಅದರ ಕಂಬಗಳು ರಸ್ತೆಯ ನಡುವೆ ಸಾಲಾಗಿ ನಿಂತಿವೆ. ಆ ಬದಿಯಿಂದ ಬರೋ ಕಾರು ಕಂಬದ ಹಿಂದೆ ಹೋಯ್ತು, ಈ ಕ್ಯಾಮೆರಾಗೆ ಯಾರೂ ಇಲ್ಲ. ಕಂಬ ದಾಟಿತು, ಅಯ್ಯೋ ಇದ್ದಾರೆ! ಹೀಗೆ ಎದುರಿನವರ ಕಣ್ಣಿಗೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಎಲ್ಲ ಕಾರೂ ಹೀಗೆ ಮಾಡಲ್ಲ. ಹಲವು ಕಾರುಗಳು ನಿಧಾನವಾಗಿ ಹೋಗುವಾಗ ಹೈ ಬೀಮು ಹಚ್ಚೋದೇ ಇಲ್ಲ, ಸ್ವಲ್ಪ ವೇಗ ಬಂದ ಮೇಲೇ ಅದರ ಕೆಲಸ ಶುರು. ಆದರೆ ರಾತ್ರಿ ಹನ್ನೊಂದರ ಮೇಲೆ ಕಾರ್ಡ್ ರೋಡಿನಲ್ಲಿ ಯಾರು ನಿಧಾನವಾಗಿ ಹೋಗ್ತಾರೆ?

ಹೆದ್ದಾರಿಗಳಲ್ಲಿ ನಡುವೆ ಕಣಗಿಲೆ ಗಿಡ ನೆಟ್ಟಿರ್ತಾರಲ್ಲ, ಅದು ಯಾಕೆ ಅಂತ ನಿಮಗೆ ಹೇಳಬೇಕಿಲ್ಲ. ನೀರು ಕಮ್ಮಿ ಸಾಕು, ದನ ಬಾಯಿ ಹಾಕಲ್ಲ, ಸೊಂಪಾಗಿ ಬೆಳೆದು ಎದುರಿನ ಬೆಳಕಿಗೆ ಪರದೆ ಕಟ್ಟುತ್ತೆ. ಶಿವನ ಪೂಜೆಗೆ ಹೂವೂ ಆಯ್ತು. ಆ ಗಿಡವೇ ಈ ಕ್ಯಾಮೆರಾಗೂ ಪರದೆ ಕಟ್ಟುತ್ತೆ ನೋಡಿ! ಆಚೆ ಬದಿಯ ಬಸ್ಸಿನ ಹೆಡ್‌ಲೈಟು ಗಿಡದ ಮರೆಯಲ್ಲಿ ಇರುತ್ತೆ, ಡ್ರೈವರ್ ಮಾತ್ರ ಮೇಲೆ ಕೂತಿರ್ತಾನೆ. ಕಾರು ಯಾರೂ ಇಲ್ಲ ಅಂದುಕೊಂಡು ಪೂರ್ತಿ ಬೆಳಕು ಬಿಟ್ಟರೆ ಅದು ಗಿಡದ ತಲೆ ಸವರಿಕೊಂಡು ನೇರ ಅವನ ಕಣ್ಣಿಗೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದಾರಲ್ಲ ಡ್ರೈವರಣ್ಣ, ಅವರು ರಾತ್ರಿ ಪಾಳಿ ಮುಗಿಸಿ ಬಂದರೆ ಮೊದಲು ಹೋಗೋದು ನಲ್ಲಿಯ ಹತ್ತಿರ. ಕಣ್ಣಿಗೆ ತಣ್ಣೀರು ಎರಚಿಕೊಂಡು ಎರಡು ನಿಮಿಷ ಕಣ್ಣು ಮುಚ್ಚಿ ಮೆಟ್ಟಿಲ ಮೇಲೆ ಕೂತುಬಿಡ್ತಾರೆ. ಆಮೇಲೇ ಮಾತು.

ಒಂದು ಸಲ ಕಣ್ಣಿಗೆ ಹೊಡೆದ ಬೆಳಕು ಕಾರು ದಾಟಿದ ಕೂಡಲೇ ಹೋಗಲ್ಲ. ಕೆಲವು ಸೆಕೆಂಡು ಎಲ್ಲ ಕಪ್ಪು. ಗಂಟೆಗೆ 60 ಕಿಲೋಮೀಟರಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೆ. ಮೂರು ಸೆಕೆಂಡು ಅಂದ್ರೆ 50 ಮೀಟರ್. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೇ ಅಲ್ವಾ? ವಯಸ್ಸಾದವರಿಗೆ ಇನ್ನೂ ಹೊತ್ತು ಹಿಡಿಯುತ್ತೆ. ನಮ್ಮ ಯಜಮಾನರಿಗೆ ಕಣ್ಣಿನ ಪೊರೆ ಶುರುವಾದಾಗ ಎದುರಿನ ದೀಪದ ಸುತ್ತ ರಂಗೋಲಿ ಬಿಟ್ಟ ಹಾಗೆ ಕಾಣುತ್ತೆ ಅಂತಿದ್ರು. ಆಪರೇಷನ್ ಆಗೋವರೆಗೆ ಸಂಜೆ ಆರರ ಮೇಲೆ ಸ್ಕೂಟರ್ ಕೀ ನಾನೇ ಎತ್ತಿಟ್ಟಿದ್ದೆ.

ಎಲ್ಲ ತಪ್ಪೂ ಈ ಆಟೋಮ್ಯಾಟಿಕ್‌ನದ್ದೇ ಅಂತ ನಾನು ಹೇಳಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿ ಹಚ್ಚಿಕೊಂಡ ಹೈ ಬೀಮನ್ನ ಕೆಲವರು ಕೆಂಗೇರಿ ದಾಟಿ ನಾಯಂಡಹಳ್ಳಿಗೆ ಬಂದರೂ ಇಳಿಸೋದಿಲ್ಲ. ಅದು ಕೈಯಿಂದಲೇ ಮಾಡೋ ತಪ್ಪು. ಜೆ.ಸಿ. ರೋಡಿಗೆ ಹೋಗಿ ಹ್ಯಾಲೊಜೆನ್ ಬುರುಡೆಯೊಳಗೆ ಕಣ್ಣು ಕುಕ್ಕೋ ಎಲ್‌ಇಡಿ ಹಾಕಿಸಿಕೊಳ್ಳೋದು ಇನ್ನೊಂದು. ಆ ಬುರುಡೆಯ ಒಳಗಿನ ಕನ್ನಡಿ ಮಾಡಿರೋದೇ ಬೇರೆ ಬಲ್ಬಿನ ಅಳತೆಗೆ. ಹೊಸ ಬಲ್ಬಿನ ಬೆಳಕು ದಾರಿ ತಪ್ಪಿ ಎಲ್ಲ ದಿಕ್ಕಿಗೂ ಚೆಲ್ಲುತ್ತೆ. ಇವರ ರಸ್ತೆಗೂ ಬೀಳಲ್ಲ, ಎದುರಿನವರ ಕಣ್ಣು ಮಾತ್ರ ಹೋಯ್ತು. 2024ರಲ್ಲಿ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಅವರು ಜುಲೈನಿಂದ ಇಂಥವರ ಮೇಲೆ ಕೇಸು ಹಾಕ್ತೀವಿ ಅಂತ ಹೇಳಿ ರಾಜ್ಯದ ತುಂಬ ಹಾಕಿಸಿದ್ರು. ಒಳ್ಳೆ ಕೆಲಸ. ಹಿಂದೆ ಹೆಡ್‌ಲೈಟಿಗೆ ನಡುವೆ ಕಪ್ಪು ಬಣ್ಣ ಬಳಿಸ್ತಿದ್ರು, ಕುಂಕುಮದ ಹಾಗೆ ದುಂಡಗೆ. ಕಪ್ಪು ಬಳಿದಿದ್ದು ನೋಡೋಕೆ ಸೊಗಸಿಲ್ಲ ಅನ್ನಿ, ಎದುರಿಗೆ ಬರೋರಿಗೆ ಮಾತ್ರ ತಂಪು.

ನಮಗೆ ಊರೊಳಗೆ ಹೈ ಬೀಮು ಬೇಕಾದರೂ ಯಾಕೆ ಹೇಳಿ? 1905ರಲ್ಲೇ ಕೆ.ಆರ್. ಮಾರ್ಕೆಟ್ಟಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹತ್ತಿದ ಊರು ಇದು. ನಮ್ಮ ಬಡಾವಣೆಯ ಹೆಸರೇ ದೀಪಾಂಜಲಿ. ಬೊಗಸೆಯಲ್ಲಿ ದೀಪ ಹಿಡಿದು ಒಪ್ಪಿಸೋದು ಅಂತ ತಾನೇ? ಆರತಿ ಎತ್ತುವಾಗ ಎದುರಿನವರ ಕಣ್ಣಿಗೆ ತಟ್ಟೆ ಚುಚ್ಚೋ ಹಾಗೆ ಯಾರೂ ಎತ್ತಲ್ಲ.

ಆ ಕಾರಿನ ಪುಸ್ತಕ ಇರುತ್ತಲ್ಲ, ಅದನ್ನ ಅಳಿಯಂದಿರು ಒಂದ್ಸಲ ಓದಲಿ. ಕ್ಯಾಮೆರಾ ಸಹಾಯಕ್ಕೆ ಮಾತ್ರ, ಜವಾಬ್ದಾರಿ ಓಡಿಸೋರದ್ದೇ ಅಂತ ಅದರಲ್ಲೇ ಬರೆದಿರುತ್ತೆ. ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಕಂಡರೆ ಹೈ ಬೀಮು ಹತ್ತಿದೆ ಅಂತ ಅರ್ಥ. ಊರೊಳಗೆ ಆಟೋಮ್ಯಾಟಿಕ್ ಆರಿಸಿಡಲಿ. ಹೊರಗೆ ಹೋದಾಗ ಹಚ್ಚಿದರೂ ಬೆರಳು ಡಿಪ್ಪರ್ ಕಡ್ಡಿಯ ಹತ್ತಿರ ಇರಲಿ, ನಡೆದು ಬರೋರು ಕಂಡರೆ ತಾವೇ ಇಳಿಸಲಿ. ಇನ್ನೊಂದು, ಬಹಳ ಕಾರುಗಳಲ್ಲಿ ಸ್ಟೀರಿಂಗಿನ ಬಲಗಡೆ ಕೆಳಗೆ 0, 1, 2, 3 ಅಂತ ಗೀಟು ಹಾಕಿದ ಒಂದು ಪುಟ್ಟ ಚಕ್ರ ಇರುತ್ತೆ. ಎಸಿಯದ್ದು ಅಂದುಕೊಂಡು ಯಾರೂ ಮುಟ್ಟಲ್ಲ. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟರೆ ಕಾರಿನ ಮೂತಿ ಮೇಲಕ್ಕೆ ಏಳುತ್ತೆ, ಬೆಳಕೂ ಜೊತೆಗೇ ಏಳುತ್ತೆ. ಆಗ ಆ ಚಕ್ರವನ್ನ 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ಮತ್ತೆ ನೆಲಕ್ಕೆ ಬರುತ್ತೆ. ಅಜ್ಜಿಯ ಲಾಟೀನೇ ಅಂದುಕೊಳ್ಳಿ. ಕೆಲವು ಹೊಸ ಕಾರಲ್ಲಿ ಅದೂ ತಾನೇ ಆಗುತ್ತೆ, ಇವರದ್ದು ಯಾವುದೋ ನೋಡಬೇಕು.

ಅದಕ್ಕೇ ಒಂದು ಕೆಲಸ ಮಾಡೋಣ. 1989ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಅಳತೆ ಕೊಟ್ಟಿದ್ದಾರೆ, 106ನೇ ನಿಯಮ. ದೀಪದಿಂದ 8 ಮೀಟರ್ ದೂರದಲ್ಲಿ, ಅದರ ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋರಿಗೆ ತಗ್ಗಿಸಿದ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಅಂದ್ರೆ ಹೆಚ್ಚೂಕಮ್ಮಿ ನನ್ನ ಕಣ್ಣಿನ ಮಟ್ಟವೇ. ಭಾನುವಾರ ಅಳಿಯಂದಿರು ಬರ್ತಾರಲ್ಲ, ಕತ್ತಲಾದ ಮೇಲೆ ಕಾರನ್ನ ಎದುರು ಸೈಟಿನ ಹತ್ತಿರ ಈ ಕಡೆಗೆ ಮುಖ ಮಾಡಿ ನಿಲ್ಲಿಸಲಿ. ಅಲ್ಲಿಂದ ನಮ್ಮ ಕಾಂಪೌಂಡಿಗೆ ಸರಿಯಾಗಿ ಎಂಟು ಮೀಟರ್ ಬರುತ್ತೆ, ನಾನು ಬೆಳಿಗ್ಗೆ ರಂಗೋಲಿ ಹಾಕುವಾಗ ಹೆಜ್ಜೆ ಹಾಕಿ ನೋಡಿದೆ. ಅಳತೆ ಟೇಪು ನಮ್ಮ ಹೊಲಿಗೆ ಡಬ್ಬಿಯಲ್ಲಿದೆ. ಗೋಡೆ ಮೇಲೆ ಗುರುತು ಹಾಕೋಕೆ ಸೀಮೆಸುಣ್ಣ ನೀವು ತನ್ನಿ ಮೇಷ್ಟ್ರೇ, ಒಂದು ಡಬ್ಬಿಯಾದರೂ ನಿಮ್ಮ ಮನೆಯಲ್ಲಿ ಉಳಿದೇ ಇರುತ್ತೆ, ಅಲ್ವಾ?