ಪೂರಾ ಡಬ್ಬವೋ, ಪಾಲಿನ ಡಬ್ಬವೋ

ಹೈದರಾಬಾದಿನವರ ಪಾಲಿಗೆ ಸಾಗರವೆಂದರೆ ಹುಸೇನ್ ಸಾಗರ. ಅಲ್ಲಿಯ ದೋಣಿ ಬುದ್ಧನ ಪಾದದವರೆಗೆ ಹೋಗಿ ತಿರುಗಿ ಬರುತ್ತದೆ, ನ್ಯೂಜೆರ್ಸಿಗೆ ಹೋಗುವುದಿಲ್ಲ. ಹಾಗಾಗಿ ಕಾಚಿಗೂಡದ ನಮ್ಮ ವೈನಿಯವರು ನ್ಯೂಜೆರ್ಸಿಯ ಮಗಳಿಗೆ ಹಡಗಿನಲ್ಲಿ ಸಾಮಾನು ಕಳಿಸುತ್ತೇನೆಂದಾಗ ಕೋಠಿಯ ಗಲ್ಲಿಯೊಂದರ ಬುಕಿಂಗ್ ಆಫೀಸು ಹುಡುಕಿಕೊಂಡು ಹೋದೆವು. ಹಳೇ ಪುಸ್ತಕದ ರಾಶಿ, ಚಪ್ಪಲಿ, ಚಾರ್ಜರುಗಳನ್ನು ದಾಟಿ ಮೆಟ್ಟಿಲೇರಿದರೆ ಒಂದು ಮೇಜು, ಒಂದು ಅಳತೆ ಟೇಪು, ಪಾನ್ ಜಗಿಯುವ ಒಬ್ಬ ಭಾಯಿ. ಕೂತ ಕೂಡಲೇ ಕೇಳಿದ: “ಪೂರಾ ಡಬ್ಬಾ ಹೋನಾ, ಕಿ ಶೇರಿಂಗ್?”

ಪೂರಾ ಡಬ್ಬವೆಂದರೆ ಇಪ್ಪತ್ತಡಿಯ ಕಂಟೇನರ್ ನಿಮ್ಮೊಬ್ಬರದೇ. ಲೆಕ್ಕಕ್ಕೆ ಒಳಗೆ 33 ಘನಮೀಟರ್ ಜಾಗ. ಮನೆ ಸಾಮಾನಿನ ಕಾಲು ಕೊಂಬುಗಳ ನಡುವೆ ಗಾಳಿಯೂ ಕೂರುವುದರಿಂದ ನಿಜಕ್ಕೂ ಹಿಡಿಸುವುದು 25-28. ತುಂಬಲಿ, ಬಿಡಲಿ, ಬಾಡಿಗೆ ಡಬ್ಬಕ್ಕೆ. ಶೇರಿಂಗ್‌ನಲ್ಲಿ ಘನಮೀಟರಿಗೆ ಇಷ್ಟು, ಟನ್ನಿಗೆ ಇಷ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು. ಇದರಿಂದ ಒಂದು ಚೋದ್ಯ ಹುಟ್ಟುತ್ತದೆ. ಇಬ್ಬರು ಏದುಸಿರು ಬಿಟ್ಟು ಎತ್ತುವ ಅತ್ತೆಯ ಒರಳುಕಲ್ಲಿಗಿಂತ ಹೆಗಲ ಮೇಲೆ ಒಬ್ಬನೇ ಹೊರುವ ಹತ್ತಿ ಹಾಸಿಗೆಗೆ ಬಾಡಿಗೆ ಜಾಸ್ತಿ! ಕಲ್ಲು ಭಾರವಾದರೂ ಮೂಲೆ ಹಿಡಿದು ಕೂರುತ್ತದೆ. ಹಾಸಿಗೆ ಕಾಲು ಚಾಚುತ್ತದೆ.

13-15 ಘನಮೀಟರ್ ದಾಟಿದರೆ ಪೂರಾ ಡಬ್ಬವೇ ಅಗ್ಗವೆಂಬುದು ಈ ದಂಧೆಯವರ ಬಾಯಿಲೆಕ್ಕ. ವೈನಿಯವರದು ತೂಗುಮಂಚ, ಪುಸ್ತಕ ಎಲ್ಲ ಸೇರಿ ಎಳೆದಾಡಿದರೂ ಆರು. ಆದರೂ ಅವರು ಪೂರಾ ಡಬ್ಬವೇ ಬೇಕೆಂದು ಕೂತರು.

“ಮಂದಿ ಸಾಮಾನಿನ ಕೂಡ ಬ್ಯಾಡ್ರಿ. ಬಾಜೂಕ ಯಾರದರ ಒಣಮೀನಿನ ಪೆಟ್ಟಿಗಿ ಇದ್ರ ನಮ್ಮ ದೇವ್ರ ಮಂಟಪದ ಗತಿ ಏನು?”

ಸಮುದ್ರ ದಾಟುವುದಕ್ಕೇ ಪ್ರಾಯಶ್ಚಿತ್ತ ಹೇಳಿದ್ದ ಮನೆತನ; ದೇವರು ಹೊರಟದ್ದಕ್ಕೆ ತಕರಾರಿಲ್ಲ, ನೆರೆಹೊರೆಯ ಬಗ್ಗೆ ಮಾತ್ರ.

ಶೇರಿಂಗ್‌ನ ನಿಜವಾದ ತೊಡಕು ಮೀನಲ್ಲ, ಕಾಗದ. ಸಾಮೂಹಿಕ ಉಪನಯನದಲ್ಲಿ ಒಬ್ಬ ವಟುವಿನ ಸೋದರಮಾವನ ಬಸ್ಸು ತಡವಾದರೆ ಮಿಕ್ಕವರೆಲ್ಲ ಬೋಳುತಲೆಯಲ್ಲಿ ಕಾಯುತ್ತಾರಲ್ಲ, ಹಾಗೆ. ಹತ್ತು ಜನರ ಪೆಟ್ಟಿಗೆ ಒಂದೇ ಡಬ್ಬದಲ್ಲಿ ಸೇರಿ ಸನತ್‌ನಗರದ ಡಿಪೋದಿಂದ ರೈಲು ಹತ್ತಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ, ಅಲ್ಲಿಂದ ಹಡಗಿಗೆ. ಆಚೆ ದಡದಲ್ಲಿ ಒಬ್ಬನ ಪೆಟ್ಟಿಗೆಯ ಮೇಲೆ ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ಇಡೀ ಡಬ್ಬ ನಿಂತಿತು. ತಪಾಸಣೆಯ ಖರ್ಚೂ ಎಷ್ಟೋ ಸಲ ಎಲ್ಲರಿಗೂ ಹಂಚಿಕೆ. ಡಬ್ಬ ಬಿಚ್ಚಿ ಪೆಟ್ಟಿಗೆ ಬೇರ್ಪಡಿಸುವ ಗೋದಾಮಿನ ಶುಲ್ಕ ಬೇರೆ. ಕೋಠಿಯಲ್ಲಿ ಉಳಿಸಿದ್ದು ಮಗಳ ಜೇಬಿನಿಂದ ಹೋದೀತು. ಯಾವ ದರಪಟ್ಟಿಗೂ ಮೊದಲು ಕೇಳಬೇಕಾದ್ದು ಆ ಕಡೆಯ ಖರ್ಚನ್ನೇ.

“ತಿನ್ನೋ ಸಾಮಾನು ಏನಾದರೂ ಇದೆಯಾ?” ಎಂದು ಭಾಯಿ ಕೇಳಿದಾಗ ವೈನಿಯವರು ನನ್ನ ಮುಖ ನೋಡಿದರು. ತಪ್ಪಲೆಯೊಳಗೆ ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ, ಅಗಸಿ ಚಟ್ನಿ ಅಡಗಿದ್ದವು. ಬೇರೆ ಒಂಬತ್ತು ಮನೆಯವರು ಹೆದರಬೇಕಾದ ಪೆಟ್ಟಿಗೆ ನಮ್ಮದೇ ಆಗಿತ್ತು!

ಭಾಯಿಯ ಆಫೀಸಿನಿಂದ ಹೆಜ್ಜೆಯಳತೆಯಲ್ಲೇ ಹಳೇ ರೆಸಿಡೆನ್ಸಿ, ಈಗ ಮಹಿಳಾ ವಿಶ್ವವಿದ್ಯಾಲಯ. ಅದನ್ನು ಕಟ್ಟಿಸಿದ ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ 1805ರಲ್ಲಿ ತನ್ನ ಇಬ್ಬರು ಮಕ್ಕಳನ್ನು ಮದರಾಸಿನಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆಗ ಕಪ್ತಾನನಿಗೂ ಸ್ವಂತ ಸರಕು ತುಂಬಲು ಇಂತಿಷ್ಟು ಜಾಗ ಮೀಸಲು. ಅಂದಮೇಲೆ ಪಾಲಿನ ಲೆಕ್ಕ ಹೊಸದೇನಲ್ಲ. 1956ರಲ್ಲಿ ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ 58 ಡಬ್ಬಗಳನ್ನು ಒಂದು ಹಡಗಿಗೇರಿಸಿ ನ್ಯೂಜೆರ್ಸಿಯ ನ್ಯೂವಾರ್ಕಿನಿಂದಲೇ ಹೊರಡಿಸಿದ ಮೇಲೆ ಪಾಲಿಗೆ ನಾಲ್ಕು ಗೋಡೆ ಬಂದವು, ಅಷ್ಟೆ.

ಕೊನೆಗೆ ವೈನಿಯವರನ್ನು ಶೇರಿಂಗ್‌ಗೆ ಒಪ್ಪಿಸಿದ್ದು ದರವಲ್ಲ, ಮರದ ಪೆಟ್ಟಿಗೆ. ವಿದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ಹುಳ ಸಾಯುವಂತೆ, ತಿರುಳಿನವರೆಗೂ 56 ಡಿಗ್ರಿ ಮುಟ್ಟಿಸಿ ಅರ್ಧ ಗಂಟೆ ಕಾಯಿಸಿ, ಮುದ್ರೆ ಒತ್ತಬೇಕು ಎಂದು ಭಾಯಿ ವಿವರಿಸಿದ. “ಹಂಗಾದ್ರ ಪೆಟ್ಟಿಗಿ ಮಡೀಲೇ ಹೋಗ್ತದ,” ಎಂದು ಅವರಿಗೆ ಸಮಾಧಾನವಾಯಿತು. ಹಿಂಡಿ, ಉಪ್ಪಿನಕಾಯಿ ನನ್ನ ಚೀಲಕ್ಕೆ ವರ್ಗವಾದವು. ನನಗೂ ಸಮಾಧಾನ.

ಭಾಯಿ ಪಟ್ಟಿ ಬರೆಯತೊಡಗಿದ. ಒರಳಿಗೆ ಬಂದಾಗ ಪೆನ್ನು ನಿಲ್ಲಿಸಿ, “ಸೆಕೆಂಡ್ ಹ್ಯಾಂಡ್ ನಾ, ಅಮ್ಮಾ?” ಎಂದ.

“ಏ, ಅಲ್ಲಪಾ. ಫೋರ್ತ್ ಹ್ಯಾಂಡ್! ನಮ್ಮತ್ತಿಗೂ ಅವರತ್ತಿ ಕೊಟ್ಟಿದ್ದು.”