ವೈರ್‌ಮನ್ ಪರ್ಮಿಟ್ ಅವರ ಸನ್ನಿಧಾನಕ್ಕೆ

ಪರಮಪೂಜ್ಯ ವೈರ್‌ಮನ್ ಪರ್ಮಿಟ್ ಅವರಿಗೆ,

ಮಲೆನಾಡಿನ ಸಣ್ಣ ಪೇಟೆಯೊಂದರ ಎಲೆಕ್ಟ್ರಿಷಿಯನ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು ಬೇಕು. ಮುಂದೆ ಬರೆಯುವುದನ್ನು ಓದಿ ತಪ್ಪು ತಿಳಿಯಬಾರದೆಂದು ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಷಾಢದಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಇಲ್ಲಿ 230 ವೋಲ್ಟ್ ಅನ್ನು ಯಾರು ಬೇಕಾದರೂ ಮುಟ್ಟುವಂತಾಗಬಾರದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟು ಮಿಕ್ಕ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ, ಪರ್ಮಿಟ್ ಇರುವ ಕೈಯಿಂದಲೇ ಮಾಡಿಸಬೇಕೆಂದು 1956ರ ವಿದ್ಯುತ್ ನಿಯಮಗಳ 45ನೇ ನಿಯಮ ಹೇಳಿತ್ತು. ಅದನ್ನು ಬರೆದವರಿಗೆ ಕೈ ಮುಗಿಯುತ್ತೇನೆ.

ಆದರೆ ಸ್ವಾಮಿ, ನಮ್ಮ ಪೇಟೆಯಲ್ಲಿ ತಮ್ಮ ವಾಸ ಫೈಲಿನೊಳಗೆ. ಹೊಸ ಮನೆಗೆ ಮೀಟರ್ ಬರಬೇಕಾದರೆ ಕಂಪ್ಲೀಷನ್ ರಿಪೋರ್ಟ್ ಬೇಕು. ರಿಪೋರ್ಟಿಗೆ ಸಹಿ ಬೇಕು. ಸಹಿಗೆ ಇಷ್ಟು ಎಂದು ದರ ಇದೆ. ಸಹಿ ಹಾಕುವವರು ಆ ಮನೆಯ ಹೊಸ್ತಿಲು ದಾಟಿರುವುದಿಲ್ಲ. ಗೋಡೆ ಕೊರೆದು ಪೈಪು ಎಳೆದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಕರೆದರು. "ಗೀಸರ್ ಹಾಕಿದ್ರೆ ನಲ್ಲಿ ಜುಮ್ ಅಂತದಪ್ಪಾ, ಅದ್ಕೆ ಮಣೆ ಮೇಲೆ ನಿಂತು ಮಕ್ಳಿಗೆ ಸ್ನಾನ ಮಾಡಿಸ್ತೀನಿ" ಎಂದರು. ಬೋರ್ಡು ಬಿಚ್ಚಿದೆ. ಅರ್ಥಿಂಗ್‌ನ ಹಸಿರು ವೈರನ್ನು ಅಂದವಾಗಿ ಸುರುಳಿ ಸುತ್ತಿ, ತುದಿಗೆ ಟೇಪು ಹಚ್ಚಿ ಒಳಗೇ ಬಿಟ್ಟಿದ್ದರು. ಹಿತ್ತಲಿಗೆ ಹೋದರೆ ಅರ್ಥ್ ಪೈಪಿತ್ತು. ಅದಕ್ಕೆ ಬಸಳೆ ಬಳ್ಳಿ ಹಬ್ಬಿತ್ತು, ತಂತಿ ಮಾತ್ರ ಇರಲಿಲ್ಲ. ಮನೆಯವರು ಜೋಪಾನವಾಗಿಟ್ಟಿದ್ದ ರಿಪೋರ್ಟನ್ನು ತೋರಿಸಿದರು. ಅರ್ಥಿಂಗ್ ಸರಿಯಿದೆ ಎಂದಿತ್ತು, ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ರೀಡಿಂಗೂ ಇತ್ತು. "ಹ್ಯಾಂಡಲ್ ತಿರುಗಿಸೋ ಪೆಟ್ಟಿಗೆ ಹಿಡ್ಕೊಂಡು ಯಾರಾದ್ರೂ ಬಂದಿದ್ರಾ ಅಮ್ಮಾ?" ಎಂದು ಕೇಳಿದೆ. ಇಲ್ಲವಂತೆ. ಆ ಕಾಗದದ ಮೇಲೆ ತಮ್ಮ ನಂಬರೂ ಇತ್ತು. ನನಗೆ ಹೊಟ್ಟೆ ಉರಿಯಿತು.

ತಮ್ಮನ್ನು ಪಡೆಯಲು ನಾನೂ ಹೊರಟಿದ್ದೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದೆ. ಗುತ್ತಿಗೆದಾರರ ಅನುಭವ ಪತ್ರ ತನ್ನಿ ಎಂದರು. ಯಾರ ಸಹಿಯ ಕೆಳಗೆ ಹನ್ನೆರಡು ವರ್ಷ ದುಡಿದೆನೋ ಅವರನ್ನೇ ಕೇಳಿದೆ. ಪತ್ರಕ್ಕೂ ದರ ಹೇಳಿದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮನ್ನು ಪಡೆಯುವ ಪರೀಕ್ಷೆ ಕಠಿಣವಾಗಿಯೇ ಇರಲಿ. ತಾಲ್ಲೂಕಿನಲ್ಲೇ ನಡೆಸಿ, ಕನ್ನಡದಲ್ಲಿ ಕೇಳಿ, ಕೈಗೆ ಟೆಸ್ಟರೂ ಮೆಗ್ಗರೂ ಕೊಟ್ಟು ನೋಡಿ. ಸಹಿ ಮಾಡುವವರು ಮನೆಯೊಳಗೆ ನಿಂತೇ ಸಹಿ ಮಾಡಲಿ. ಸಹಿಯ ಈ ಮಾತನ್ನಾದರೂ ನಡೆಸಿಕೊಡಿ.

ಆ ಮನೆಯ ಬಸಳೆಯನ್ನು ಪಕ್ಕಕ್ಕೆ ಸರಿಸಿ, ತಂತಿ ಎಳೆದು, ಪೈಪಿಗೆ ಬೋಲ್ಟು ಬಿಗಿದು ಬಂದೆ. ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಕೂರಿಸಿದೆ. ತಾವು ನನ್ನ ಬಳಿ ಇಲ್ಲದ್ದರಿಂದ ನಿಯಮದ ಪ್ರಕಾರ ಇದು ತಪ್ಪು. ಒಪ್ಪಿಕೊಳ್ಳುತ್ತೇನೆ. ವಿಚಾರಣೆಗೆ ಬರುವುದಾದರೆ ದಯವಿಟ್ಟು ಆ ಬಚ್ಚಲಿಗೇ ಬನ್ನಿ. ಮಣೆಯನ್ನು ಈಗ ಮೂಲೆಗೆ ಒರಗಿಸಿಟ್ಟಿದ್ದಾರೆ.

ಇಂತಿ,
ತಮ್ಮ ದರ್ಶನಕ್ಕಾಗಿ ಕಾದಿರುವ ಒಬ್ಬ ಎಲೆಕ್ಟ್ರಿಷಿಯನ್