‘ಬ್ಯಾಟರಿ ಹೋಗಿದೆ ಸಾರ್’

ಮಳೆ ಹಿಡಿದದ್ದೇ ತಡ, ಬೀದಿಬೀದಿಯಲ್ಲೂ ಬೈಕುಗಳು ‘ಕಟ್ ಕಟ್ ಕಟ್’ ಎಂದು ಹಲ್ಲು ಕಡಿಯುತ್ತಿವೆ. ಕಿಕ್ಕರ್ ಎಂಬ ಆಪದ್ಬಾಂಧವನನ್ನು ಕಂಪನಿಗಳು ಒಂದೊಂದಾಗಿ ಕಿತ್ತು ಹಾಕಿದ ಕಥೆ ನಿಮಗೆ ಗೊತ್ತೇ ಇದೆ. ಮೈಸೂರಿನ ಗ್ಯಾರೇಜೊಂದರ ಬೆಂಚಿನ ಮೇಲೆ ಗುಜರಿಯವನಿಗಾಗಿ ಕಾಯುತ್ತಿದ್ದ 12 ವೋಲ್ಟಿನ ಬ್ಯಾಟರಿ ಮಾತಿಗೆ ಸಿಕ್ಕಿತು.

ಆರೋಗ್ಯ ಹೇಗಿದೆ?

ಹನ್ನೆರಡೂ ಮುಕ್ಕಾಲು ವೋಲ್ಟ್ ಇದ್ದೀನಿ ಸ್ವಾಮಿ. ಆರೂ ಸೆಲ್ ಗಟ್ಟಿಯಾಗಿವೆ. ಆದರೂ ನೆತ್ತಿಯ ಮೇಲೆ ಸೀಮೆಸುಣ್ಣದಲ್ಲಿ ‘ಡೆಡ್’ ಅಂತ ಬರೆದವ್ರೆ, ಓದಿ.

ಕಿಕ್ಕರ್ ಇದ್ದಿದ್ದರೆ ಈ ಗತಿ ಬರುತ್ತಿತ್ತೇ?

ಸೆಲ್ಫ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬಿಡಿ.’ ಇಷ್ಟೇ ವಿಚಾರಣೆ! ಮೀಟರು ಗೋಡೆಗೆ ನೇತು ಹಾಕಿತ್ತು, ಯಾರೂ ಇಳಿಸಲಿಲ್ಲ. ನನ್ನ ಎರಡು ಟರ್ಮಿನಲ್‌ಗೆ ತಂತಿ ಇಟ್ಟು ಸೆಲ್ಫ್ ಒತ್ತಿ ನೋಡಬೇಕಿತ್ತು. ಮುಳ್ಳು ಒಂಬತ್ತೂವರೆಗಿಂತ ಕೆಳಗೆ ಬಿದ್ದಿದ್ದರೆ ನಾನೇ ಗುಜರಿ ಗಾಡಿ ಹತ್ತಿ ಕೂರ್ತಿದ್ದೆ.

ಮತ್ತೆ ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ?

ಅರ್ಥಿಂಗ್! ನೆಗೆಟಿವ್ ವಯರ್ ಚಾಸಿಗೆ ಸೇರುವ ಬೋಲ್ಟ್ ನೋಡಿ. ತುಕ್ಕು ಹಿಡಿದು ಅರ್ಧ ಸುತ್ತು ಸಡಿಲ. ಹಾರ್ನ್, ಇಂಡಿಕೇಟರ್‌ಗೆ ಅಷ್ಟು ಸಂದು ಸಾಕು. ಸೆಲ್ಫ್ ಮೋಟಾರು ಕರೆಂಟನ್ನು ಗಟಗಟ ಕುಡಿಯೋನು, ಅವನಿಗೆ ಸಾಲಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಹತ್ತರ ಸ್ಪಾನರಲ್ಲಿ ಬಿಗಿ ಮಾಡಿದ್ದರೆ ಮುಗೀತಿತ್ತು.

ನಿಮ್ಮ ಟರ್ಮಿನಲ್ ಮೇಲೂ ಬಿಳಿ ಪುಡಿ ಕಾಣ್ತಿದೆಯಲ್ಲ...

ಪುಡಿ ಬಿಡಿ, ನನ್ನಣ್ಣನ ಕಥೆ ಕೇಳಿ. ಇದೇ ಗಾಡೀಲಿ ನನಗಿಂತ ಮುಂಚೆ ಇದ್ದೋನು. ನಮಗೆ ಬರೋ ಚಾರ್ಜನ್ನ ಹದ್ದುಬಸ್ತಿನಲ್ಲಿಡಬೇಕಾದ ರೆಗ್ಯುಲೇಟರ್ ಅನ್ನೋ ಪುಣ್ಯಾತ್ಮ ಅವನನ್ನ ಬೇಯಿಸಿ ಕೊಂದ. ಇಂಜಿನ್ ಏರಿಸಿದಾಗ ಹದಿನಾಲ್ಕು ವೋಲ್ಟಿನ ಆಸುಪಾಸು ಕೊಡಬೇಕಾದೋನು ಹದಿನಾರು ಕೊಟ್ಟ. ಒಳಗೆ ಆಸಿಡ್ ಕುದೀತು. ಬೈಗುಳ ಯಾರಿಗೆ? ಅಣ್ಣನಿಗೆ. ಇನ್ನು ಕೆಲವು ಗಾಡೀಲಿ ಅವನು ಏನನ್ನೂ ಕೊಡಲ್ಲ, ನಾವು ಉಪವಾಸ ಬಿದ್ದು ಸಾಯಬೇಕು. ಆಗಲೂ ಬೈಗುಳ ನಮಗೇ.

2017ರಿಂದ ಹೊಸ ಬೈಕುಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರೀತದೆ. ಅದರಿಂದ ತೊಂದರೆ?

ಇಂಜಿನ್ ಓಡುವಾಗ ತಾನೇ, ಬಿಡಿ. ರೆಗ್ಯುಲೇಟರ್ ವಿಷಯ ಇನ್ನೂ ಮುಗಿದಿಲ್ಲ...

ಕಿಕ್ಕರ್ ವಿಷಯವೂ ಮುಗಿದಿಲ್ಲ. ಇದು ಜಾವಾ, ಯೆಜ್ಡಿ ತಯಾರಾದ ಊರು. ಕಿಕ್ಕರೂ ಗೇರ್ ಲಿವರೂ ಒಂದೇ ಕಬ್ಬಿಣದಲ್ಲಿ! 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಾಡಿನ ಮೊಣಕಾಲಿಗೆ ಕೆಲಸವೇ...

ಸ್ವಾಮಿ, ಆ ಜಾವಾದಲ್ಲೂ ನಮ್ಮ ತಾತ ಇದ್ದ. 6 ವೋಲ್ಟು, ಮೂರೇ ಸೆಲ್ಲು. ಈಗಿನ ಇಂಜೆಕ್ಷನ್ ಗಾಡಿಗೆ ಕಿಕ್ಕರ್ ಕಟ್ಟಿಕೊಟ್ಟರೂ ಪೆಟ್ರೋಲ್ ಪಂಪಿಗೆ ಕರೆಂಟ್ ಬೇಕಲ್ಲ, ಅದನ್ನ ನಿಮ್ಮ ಮೊಣಕಾಲು ಕೊಡ್ತದಾ?

(ಈ ಉತ್ತರವನ್ನು ಸಂದರ್ಶಕರು ಒಪ್ಪುವುದಿಲ್ಲ.) ಹೋಗಲಿ, ಗುಜರಿಗೆ ಹೋಗೋದಕ್ಕೆ ಬೇಜಾರೇ?

ನನಗಲ್ಲ. ನನ್ನೊಳಗಿರೋದು ಸೀಸ. ಪರವಾನಗಿ ಇರೋ ಘಟಕಕ್ಕೆ ಹೋದರೆ ಕರಗಿಸಿ ಮತ್ತೆ ಬ್ಯಾಟರಿ ಮಾಡ್ತಾರೆ, ಸರಿ. ತೂಕಕ್ಕೆ ಕೊಂಡೋನು ಎಲ್ಲಿಗೆ ಒಯ್ದ ಅಂತ ಯಾರಾದರೂ ಕೇಳ್ತಾರಾ? ಊರಾಚೆ ತಗಡಿನ ಶೆಡ್ಡಲ್ಲಿ ಮಚ್ಚಿನಿಂದ ಒಡೀತಾರೆ. ಆಸಿಡ್ ಚರಂಡಿಗೆ. ಸೀಸ ಬಾಣಲೆಗೆ. ಆ ಹೊಗೆ ಪಕ್ಕದ ಗುಡಿಸಲ ಕೂಸಿನ ಮೂಗಿಗೆ. ರಕ್ತದಲ್ಲಿ ಮಿತಿ ಮೀರಿ ಸೀಸ ಇರೋ ಮಕ್ಕಳು ಜಗತ್ತಿನಲ್ಲಿ ಸುಮಾರು 80 ಕೋಟಿ ಅಂತ 2020ರಲ್ಲೇ ಯುನಿಸೆಫ್ ವರದಿ ಹೇಳಿತು. ಅದಕ್ಕೊಂದು ದೊಡ್ಡ ಕಾರಣ ಇಂಥ ಶೆಡ್ಡುಗಳೇ ಅಂತಲೂ ಹೇಳಿತು. ಸೀಸ ತಲೆಗೆ ಹೊಕ್ಕ ಮಗು ಪಾಠ ಕಲಿಯೋದಕ್ಕೆ ತಿಣುಕುತ್ತೆ, ಆದ ನಷ್ಟ ವಾಪಸ್ ಬರಲ್ಲ. ತಯಾರಿಸಿದೋರೇ ಹಳೇ ಬ್ಯಾಟರಿಗೆ ಹೊಣೆ ಅಂತ 2022ರಲ್ಲಿ ನಿಯಮ ಬಂತು. ನಿಯಮ ಫೈಲಲ್ಲಿದೆ, ನಾನು ಬೆಂಚಿನ ಮೇಲಿದ್ದೀನಿ. ಒಂದು ಬೋಲ್ಟ್ ಬಿಗಿ ಮಾಡೋ ಸೋಮಾರಿತನಕ್ಕೆ ಸತ್ತಿಲ್ಲದ ನನ್ನನ್ನ ಆ ಬಾಣಲೆಗೆ ಕಳಿಸ್ತಿದ್ದಾರೆ.

(ಸಂದರ್ಶಕರಿಗೆ ಸ್ವಲ್ಪ ಹೊತ್ತು ಪ್ರಶ್ನೆ ಹೊಳೆಯಲಿಲ್ಲ. ಆಮೇಲೆ ಕೆಟ್ಟ ಅಭ್ಯಾಸದಂತೆ ಕಿಕ್ಕರೇ ಹೊಳೆಯಿತು.)

ಕೊನೆಯದಾಗಿ, ಕಿಕ್ಕರ್ ಮತ್ತೆ...

ರೆಗ್ಯುಲೇಟರ್‌ನ ಕೇಳಿ ಹೋಗಿ. ಸೈಡ್ ಪ್ಯಾನೆಲ್ ಹಿಂದೆ ಅವಿತಿದ್ದಾನೆ. ಕೈ ಇಡೋವಾಗ ಹುಷಾರು, ಬಿಸಿ ಇರ್ತಾನೆ.